ಬೆಂಗಳೂರಿಂದ ದಿಲ್ಲಿಗೆ ರೈಲಲ್ಲಿ: ಎರಡು ರಾತ್ರಿ ಒಂದು ಹಗಲಿನ ಪ್ರಯಾಣಕ್ಕೆ ಪೂರ್ತಿ ತಯಾರಿ

ಅಕ್ಕ ಮದುವೆ ಆಗಿ ದಿಲ್ಲಿಗೆ ಹೋದ್ಮೇಲೆ ನಮ್ಮನೇಲಿ ವರ್ಷಕ್ಕೆ ಒಂದ್ಸಲನಾದ್ರೂ ದಿಲ್ಲಿ ರೈಲು ಹತ್ತೋದು ರೂಢಿ ಆಗಿಬಿಟ್ಟಿದೆ. ಅಮ್ಮನಿಗೆ ವಿಮಾನ ಅಂದ್ರೆ ಕಿವಿನೋವು, ನನಗೆ ರೈಲು ಅಂದ್ರೆ ಪ್ರಾಣ, ಹಾಗಾಗಿ ಇಬ್ಬರಿಗೂ ಸರಿಹೋಯ್ತು. ಯುಪಿಎಸ್‌ಸಿ ಕೋಚಿಂಗಿಗೆ ಹೋಗೋ ಹುಡುಗ ಹುಡುಗೀರು, ಮಗನ ಮನೆಗೆ ಹೊರಟ ಅಪ್ಪ ಅಮ್ಮ, ಮೊದಲ ಸಲ ದಿಲ್ಲಿ ಆಗ್ರಾ ನೋಡೋಕೆ ಹೊರಟ ಸಂಸಾರ, ಇವ್ರೆಲ್ಲ ಕೇಳೋ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಇರತ್ತೆ, ಅದಕ್ಕೇ ಟಿಕೆಟ್ ಮಾಡೋದ್ರಿಂದ ಹಿಡಿದು ನ್ಯೂ ಡೆಲ್ಲಿ ಸ್ಟೇಷನ್ನಿಂದ ಹೊರಗೆ ಬರೋವರೆಗೆ ಎಲ್ಲ ಒಂದೇ ಕಡೆ ಬರೀತಿದೀನಿ. ಒಂದು ಮಾತು ಮೊದಲೇ ಹೇಳ್ತೀನಿ, ಈ ಪ್ರಯಾಣದಲ್ಲಿ ಅರ್ಧ ಸುಖ ದುಃಖ ನಿಮಗೆ ಯಾವ ಬರ್ತ್ ಸಿಕ್ತು ಅನ್ನೋದ್ರಲ್ಲೇ ಇದೆ. ಎರಡು ರಾತ್ರಿ ಅದೇ ನಿಮ್ಮ ಮನೆ.

ಯಾವ ರೈಲು

ನಾನು ಹೋಗೋದು ಕರ್ನಾಟಕ ಎಕ್ಸ್‌ಪ್ರೆಸ್ಸಲ್ಲಿ, ನಂಬರ್ 12627, ವಾಪಸ್ ಬರೋದು 12628. ದಿನಾ ಇದೆ. ಸಂಜೆ ಏಳು ದಾಟಿದ ಮೇಲೆ ಮೆಜೆಸ್ಟಿಕ್ಕಿಂದ ಅಂದ್ರೆ ಕೆಎಸ್‌ಆರ್ ಬೆಂಗಳೂರು ಸ್ಟೇಷನ್ನಿಂದ ಹೊರಡತ್ತೆ, ಆ ರಾತ್ರಿ, ಮಾರನೇ ಹಗಲು, ಮಾರನೇ ರಾತ್ರಿ ಕಳೆದು ಮೂರನೇ ದಿನ ಬೆಳಗ್ಗೆ ನ್ಯೂ ಡೆಲ್ಲಿ ಮುಟ್ಟತ್ತೆ, ದೂರ ಸುಮಾರು 2,400 ಕಿಲೋಮೀಟರ್. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು ಇದನ್ನ ಈಗ್ಲೂ ಕೆಕೆ ಎಕ್ಸ್‌ಪ್ರೆಸ್ ಅಂತಲೇ ಕರೀತಾರೆ, ಕರ್ನಾಟಕ ಮತ್ತೆ ಕೇರಳದ ಬೋಗಿಗಳು ಒಟ್ಟಿಗೆ ಸೇರಿ ದಿಲ್ಲಿಗೆ ಹೋಗ್ತಿದ್ದ ಕಾಲದ ಹೆಸರು ಅದು.

ಇನ್ನೊಂದು ರಾಜಧಾನಿ, 22691. ರಾತ್ರಿ ಎಂಟಕ್ಕೆ ಹೊರಡತ್ತೆ, ಸಿಕಂದರಾಬಾದ್, ನಾಗ್ಪುರ, ಭೋಪಾಲ್ ಮೇಲೆ ಹೋಗತ್ತೆ, ಕರ್ನಾಟಕ ಎಕ್ಸ್‌ಪ್ರೆಸ್‌ಗಿಂತ ಬೇಗ ತಲುಪತ್ತೆ, ಊಟ ಟಿಕೆಟ್ಟಲ್ಲೇ ಸೇರಿಸ್ಕೊಬಹುದು, ಪೂರ್ತಿ ಎಸಿ. ಆದ್ರೆ ಸೀಟು ತುಂಬ್ತಾ ಹೋದ ಹಾಗೆ ರೇಟೂ ಏರತ್ತೆ, ಕೊನೆಗೆ ನೋಡಿದ್ರೆ ವಿಮಾನದ ಟಿಕೆಟ್ ಹತ್ತಿರಕ್ಕೇ ಬಂದಿರತ್ತೆ. ಮತ್ತೆ ಅದು ಹೋಗಿ ನಿಲ್ಲೋದು ಹಜರತ್ ನಿಜಾಮುದ್ದೀನ್ ಸ್ಟೇಷನ್ನಲ್ಲಿ, ನ್ಯೂ ಡೆಲ್ಲಿಯಲ್ಲಿ ಅಲ್ಲ, ಕರೆದುಕೊಂಡು ಹೋಗೋಕೆ ಬರೋರಿಗೆ ಇದನ್ನ ಸರಿಯಾಗಿ ಹೇಳಿ. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಆ ದಾರಿಯಲ್ಲಿ ಹೋಗೋ ಸಂಪರ್ಕ ಕ್ರಾಂತಿ ಅನುಕೂಲ, ಆದ್ರೆ ವಾರದ ಎಲ್ಲ ದಿನ ಇರಲ್ಲ.

ಯಾವಾಗ ಹೋಗ್ತೀರ ಅನ್ನೋದ್ರ ಮೇಲೆ ಕ್ಲಾಸು

ಸ್ಲೀಪರಾ, ಎಸಿನಾ ಅಂತ ಕೇಳೋರಿಗೆ ನಾನು ವಾಪಸ್ ಕೇಳೋದು ಯಾವ ತಿಂಗಳು ಅಂತ. ದುಡ್ಡಿನ ಲೆಕ್ಕದಲ್ಲಿ ಸ್ಲೀಪರ್ ಸಾವಿರ ರೂಪಾಯಿ ಆಸುಪಾಸು, 3ಎಸಿ ಅದರ ಎರಡೂವರೆ ಪಟ್ಟು ಆಗತ್ತೆ. ಫೆಬ್ರವರಿ, ಅಕ್ಟೋಬರ್ ಕೊನೆ, ನವೆಂಬರ್ ಇದ್ರೆ ಸ್ಲೀಪರ್ ಆರಾಮಾಗಿ ಆಗತ್ತೆ, ಕಿಟಕಿ ತೆಗೆದು ಕೂತ್ರೆ ಆ ಗಾಳಿ ಎಸಿಯಲ್ಲಿ ಎಲ್ಲಿಂದ ಬರಬೇಕು. ಏಪ್ರಿಲ್ಲಿಂದ ಜೂನ್ ನಡುವೆ ಮಾತ್ರ ಬೇಡವೇ ಬೇಡ, ಹಗಲು ಪೂರ್ತಿ ರೈಲು ಇರೋದು ಸೊಲ್ಲಾಪುರ, ಮನಮಾಡ್, ಭುಸಾವಳದ ಕಡೆ, ಆ ಬಿಸಿಲಿಗೆ ಮಧ್ಯಾಹ್ನ ಬೋಗಿಯ ತಗಡು ಕಾದು ಅಪ್ಪರ್ ಬರ್ತಲ್ಲಿ ಮಲಗಿದವರು ಬೆಂದುಹೋಗ್ತಾರೆ, ವಯಸ್ಸಾದವರು ಮಕ್ಕಳು ಇದ್ರಂತೂ ಸಾಲ ಮಾಡಿಯಾದ್ರೂ ಎಸಿ ತಗೊಳ್ಳಿ.

ಡಿಸೆಂಬರ್ ಜನವರಿಗೆ ಬೇರೆ ಕಥೆ. ಬೆಂಗಳೂರಲ್ಲಿ ಒಂದು ತೆಳು ಸ್ವೆಟರ್ ಸಾಕು ಅನ್ಸತ್ತೆ, ಮೊದಲ ರಾತ್ರಿನೂ ಹಾಗೇ ಕಳೆಯತ್ತೆ, ಎರಡನೇ ರಾತ್ರಿ ಭೋಪಾಲ್ ದಾಟಿದ ಮೇಲೆ ಸ್ಲೀಪರ್ ಕಿಟಕಿ ಸಂದಿಯಿಂದ ನುಗ್ಗೋ ಚಳಿ ಇದ್ಯಲ್ಲ, ಅದನ್ನ ನಮ್ಮ ಕಡೆಯವರು ಊಹೆ ಮಾಡೋಕಾಗಲ್ಲ. ನಾನು ಕಾಲೇಜು ಮುಗಿಸಿದ ವರ್ಷ ಒಂದು ಹತ್ತಿ ಹೊದಿಕೆ ಹಿಡ್ಕೊಂಡು ಹೋಗಿ ಝಾನ್ಸಿಯಿಂದ ಆಗ್ರಾವರೆಗೆ ಕೂತೇ ಬೆಳಗು ಮಾಡಿದೆ, ಎದುರು ಬರ್ತಿನ ಮಿಲಿಟರಿ ಅಜ್ಜ ಒಬ್ಬರು ತಮ್ಮ ರಜಾಯಿಯ ಅರ್ಧ ಕೊಟ್ಟಿದ್ದಕ್ಕೆ ಬಚಾವಾದೆ. ಇದರ ಜೊತೆಗೆ ಮಂಜು, ಆ ಎರಡು ತಿಂಗಳು ಉತ್ತರದಲ್ಲಿ ಬೆಳಗಿನ ಮಂಜಿಗೆ ರೈಲುಗಳು ಗಂಟೆಗಟ್ಲೆ ತಡ ಆಗೋದು ಮಾಮೂಲು. ದಿಲ್ಲಿಯಲ್ಲಿ ಇಳಿದ ದಿನವೇ ಪರೀಕ್ಷೆ, ಇಂಟರ್‌ವ್ಯೂ, ಮುಂದಿನ ರೈಲು ಅಂತ ಇಟ್ಕೊಬೇಡಿ, ಒಂದು ದಿನ ಬಿಟ್ಟುಕೊಂಡು ಪ್ಲಾನ್ ಮಾಡಿ.

ಟಿಕೆಟ್ ಮಾಡೋದು

ಮೊದಲು 120 ದಿನ ಮುಂಚೆ ಬುಕ್ ಮಾಡಬಹುದಿತ್ತು, 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ, ಹಳೇ ಲೆಕ್ಕದಲ್ಲೇ ಇರೋರು ಇನ್ನೂ ಇದಾರೆ. ಹೊರಡೋ ದಿನ ಬಿಟ್ಟು 60 ದಿನ ಹಿಂದಕ್ಕೆ ಎಣಿಸಿ, ಆ ದಿನ ಬೆಳಗ್ಗೆ 8ಕ್ಕೆ ಬುಕಿಂಗ್ ತೆರೆಯತ್ತೆ. ದಸರಾ, ದೀಪಾವಳಿ, ಬೇಸಿಗೆ ರಜೆಗೆ ಆದ್ರೆ ಅದೇ ಬೆಳಗ್ಗೆ ಕೂತು ಮಾಡಿ, ಸಂಜೆಗೆ ನೋಡೋಣ ಅಂದ್ರೆ ವೇಟಿಂಗ್ ಲಿಸ್ಟೇ. ಐಆರ್‌ಸಿಟಿಸಿ ಅಕೌಂಟಿಗೆ ಆಧಾರ್ ಲಿಂಕ್ ಮಾಡಿಟ್ಕೊಳ್ಳೋದು ಈಗ ಕಡ್ಡಾಯ ಅಂತಲೇ ಅಂದ್ಕೊಳ್ಳಿ, ಯಾಕಂದ್ರೆ ಬುಕಿಂಗ್ ತೆರೆದ ಮೊದಲ ಹೊತ್ತು ಆನ್‌ಲೈನಲ್ಲಿ ಆಧಾರ್ ದೃಢೀಕರಣ ಆದವರಿಗೆ ಮಾತ್ರ ಅವಕಾಶ, ಕೊನೆ ಗಳಿಗೆಯ ತತ್ಕಾಲ್ ಟಿಕೆಟ್ಟಿಗೂ 2025ರ ಜುಲೈಯಿಂದ ಹಾಗೇ. ಇದನ್ನ ಬುಕ್ ಮಾಡೋ ದಿನ ಬೆಳಗ್ಗೆ ಮಾಡೋಕೆ ಹೋಗ್ಬೇಡಿ, ಒಂದು ವಾರ ಮುಂಚೆ ಮುಗಿಸಿ, ಜೊತೆಗೆ ಹೋಗೋರ ಹೆಸರು ವಯಸ್ಸು ಮಾಸ್ಟರ್ ಲಿಸ್ಟಲ್ಲಿ ಸೇವ್ ಮಾಡಿಡಿ, ಆಗ ಟೈಪ್ ಮಾಡೋ ಸಮಯ ಉಳಿಯತ್ತೆ.

ತತ್ಕಾಲ್ ಹಿಂದಿನ ದಿನ ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಇಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯವರು ಹುಷಾರಾಗಿ ನೋಡಬೇಕಾದ ಒಂದು ವಿಷಯ ಇದೆ. ಹಿಂದಿನ ದಿನ ಅಂದ್ರೆ ರೈಲು ಬೆಂಗಳೂರು ಬಿಡೋ ದಿನದ ಹಿಂದಿನ ದಿನ, ನೀವು ಹತ್ತೋ ದಿನದ್ದಲ್ಲ. ರೈಲು 10ನೇ ತಾರೀಖು ಸಂಜೆ ಬೆಂಗಳೂರು ಬಿಟ್ಟು ನಿಮ್ಮೂರಿಗೆ 11ರ ಬೆಳಗಿನ ಜಾವ ಬರತ್ತೆ ಅಂದ್ರೆ ನಿಮಗೆ ತತ್ಕಾಲ್ ತೆರೆಯೋದು 9ಕ್ಕೆ, 10ಕ್ಕಲ್ಲ. ಹಾಗೇ ನಿಮ್ಮ ಟಿಕೆಟ್ಟಿನ ಮೇಲೆ ಇರಬೇಕಾದ ತಾರೀಖು 11. ಮಧ್ಯರಾತ್ರಿ ದಾಟಿ ಬರೋ ರೈಲಿಗೆ ಒಂದು ದಿನ ಮುಂಚಿನ ಅಥವಾ ಒಂದು ದಿನ ಆಚೆಗಿನ ಟಿಕೆಟ್ ಮಾಡಿಸಿಕೊಂಡು ಪ್ಲಾಟ್‌ಫಾರ್ಮಲ್ಲಿ ಒದ್ದಾಡೋರನ್ನ ನಾನೇ ಕಣ್ಣಾರೆ ನೋಡಿದೀನಿ, ಪಾಪ ಮಕ್ಕಳು ಮರಿ ಕಟ್ಕೊಂಡು ನಿಂತಿದ್ರು.

ವೇಟಿಂಗ್ ಬಂದ್ರೆ ಅದರ ಮುಂದಿನ ಅಕ್ಷರ ನೋಡಿ. ಜಿಎನ್‌ಡಬ್ಲ್ಯುಎಲ್ ಅಂದ್ರೆ ಸಾಮಾನ್ಯ ವೇಟಿಂಗ್ ಅಂತಿದ್ರೆ ಆಸೆ ಇಟ್ಕೊಬಹುದು. ನಡುವಿನ ಸ್ಟೇಷನ್ನುಗಳಿಗೆ ಕೊಡೋ ಆರ್‌ಎಲ್‌ಡಬ್ಲ್ಯುಎಲ್, ಪಿಕ್ಯುಡಬ್ಲ್ಯುಎಲ್ ಕನ್ಫರ್ಮ್ ಆಗೋದು ಕಷ್ಟ, ತತ್ಕಾಲ್ ವೇಟಿಂಗನ್ನಂತೂ ನಂಬಲೇಬೇಡಿ. ಆನ್‌ಲೈನ್ ಟಿಕೆಟ್ ಚಾರ್ಟ್ (ಬರ್ತು ಹಂಚಿದ ಕೊನೇ ಪಟ್ಟಿ) ಆದ್ಮೇಲೂ ವೇಟಿಂಗಲ್ಲೇ ಇದ್ರೆ ತಾನಾಗೇ ಕ್ಯಾನ್ಸಲ್ ಆಗಿ ದುಡ್ಡು ವಾಪಸ್ ಬರತ್ತೆ, ಅದನ್ನಿಟ್ಕೊಂಡು ರೈಲು ಹತ್ತೋ ಹಾಗಿಲ್ಲ. ಕೌಂಟರಲ್ಲಿ ತಗೊಂಡ ವೇಟಿಂಗ್ ಟಿಕೆಟ್ ಇಟ್ಕೊಂಡು ಸ್ಲೀಪರಲ್ಲಿ ಹೆಂಗೋ ಹೋಗ್ತಿದ್ದ ಕಾಲವೂ ಮುಗೀತು, ಈಗ ಸ್ಲೀಪರ್, ಎಸಿ ಬೋಗಿಗೆ ಬಿಡಲ್ಲ. ಆರ್‌ಎಸಿ ಆದ್ರೆ ರೈಲು ಹತ್ತಬಹುದು, ಸೈಡ್ ಲೋವರಲ್ಲಿ ಇಬ್ಬರು ಹಂಚ್ಕೊಂಡು ಕೂರಬೇಕು. ಒಂದು ರಾತ್ರಿ ಆದ್ರೆ ಸರಿ, ಎರಡು ರಾತ್ರಿ ಅಂದ್ರೆ ಬೆನ್ನು ಮುರಿಯತ್ತೆ, ಹತ್ತಿದ ಕೂಡ್ಲೇ ಟಿಟಿಇ ಹತ್ರ ವಿನಯವಾಗಿ ಕೇಳಿಡಿ, ಬಾರದೇ ಇರೋರ ಬರ್ತು ಮೊದಲು ಹೋಗೋದು ಆರ್‌ಎಸಿಯವರಿಗೇ.

ಮಕ್ಕಳ ಲೆಕ್ಕ: 5 ವರ್ಷದ ಒಳಗೆ ಬರ್ತ್ ಬೇಡ ಅಂದ್ರೆ ಟಿಕೆಟ್ಟೇ ಬೇಡ, 5ರಿಂದ 12ರವರೆಗೆ ಬರ್ತ್ ಇಲ್ಲದೆ ಅರ್ಧ, ಬರ್ತ್ ಬೇಕಂದ್ರೆ ಪೂರ್ತಿ ರೇಟು. ಈ ದಾರಿಗೆ ಎಂಟು ಹತ್ತು ವರ್ಷದ ಮಗುವಿಗೆ ಬರ್ತ್ ತಗೊಳ್ಳಿ, ಎರಡು ರಾತ್ರಿ ಮಗು ಪಕ್ಕದಲ್ಲಿ ಮಲಗಿಸ್ಕೊಂಡ್ರೆ ಇಬ್ಬರಿಗೂ ನಿದ್ದೆ ಇಲ್ಲ. ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚಲ್ಲಿ ನಿಂತಿದ್ದು ಮತ್ತೆ ಬಂದಿಲ್ಲ, ಆದ್ರೆ ಲೋವರ್ ಬರ್ತ್ ಕೋಟಾ ಇದೆ, ಗಂಡಸರಿಗೆ 60, ಹೆಂಗಸರಿಗೆ 45 ವರ್ಷ ಮೇಲ್ಪಟ್ಟು. ಒಬ್ಬರೇ ಅಥವಾ ಇಬ್ಬರೇ ಒಂದು ಟಿಕೆಟ್ಟಲ್ಲಿ ಇದ್ರೆ ಇದು ಕೆಲಸ ಮಾಡತ್ತೆ. ನಾವು ನಾಲ್ಕು ಜನ ಹೋಗೋದಾದ್ರೂ ಅಪ್ಪ ಅಮ್ಮಂದು ಬೇರೆ ಟಿಕೆಟ್ ಮಾಡ್ತೀನಿ, ಕಾರಣ ಇದೇ.

ಬರ್ತ್ ಆರಿಸೋದು

ಸ್ಲೀಪರ್, 3ಎಸಿ ಎರಡರಲ್ಲೂ ಎಂಟೆಂಟರ ಲೆಕ್ಕ. ನಿಮ್ಮ ನಂಬರನ್ನ 8ರಿಂದ ಭಾಗಿಸಿ, ಶೇಷ 1 ಅಥವಾ 4 ಬಂದ್ರೆ ಲೋವರ್, 2 ಅಥವಾ 5 ಮಿಡ್ಲ್, 3 ಅಥವಾ 6 ಅಪ್ಪರ್, 7 ಸೈಡ್ ಲೋವರ್, ಏನೂ ಉಳಿಯದಿದ್ರೆ ಸೈಡ್ ಅಪ್ಪರ್. 43 ಅಂದ್ರೆ ಐದೆಂಟ್ಲಿ ನಲವತ್ತು, ಮೂರು ಉಳೀತು, ಅಪ್ಪರ್. 2ಎಸಿಯಲ್ಲಿ ಮಿಡ್ಲ್ ಇರಲ್ಲ, ಅಲ್ಲಿ ಆರಾರರ ಲೆಕ್ಕ.

ಒಬ್ಬರೇ ಹೋಗೋ ವಯಸ್ಸಿನ ಹುಡುಗರಿಗೆ ನಾನು ಹೇಳೋದು ಅಪ್ಪರ್. ಹಗಲಲ್ಲೂ ಯಾವಾಗ ಬೇಕಾದ್ರೂ ಕಾಲು ಚಾಚಬಹುದು, ಯಾರೂ ಏಳಿ ಅನ್ನಲ್ಲ. ಲೋವರ್ ಅಂದ್ರೆ ಕಿಟಕಿ ನಿಮ್ದೇ ಅಂತ ಖುಷಿ ಆಗತ್ತೆ ನಿಜ, ಆದ್ರೆ ರಾತ್ರಿ 10ರಿಂದ ಬೆಳಗ್ಗೆ 6 ಮಾತ್ರ ಮಲಗೋ ಹೊತ್ತು, ಉಳಿದ ಹೊತ್ತು ಮಿಡ್ಲ್, ಅಪ್ಪರಿನವರಿಗೂ ಅಲ್ಲೇ ಕೂರೋ ಹಕ್ಕಿದೆ. ಮಿಡ್ಲ್ ಯಾರಿಗೂ ಬೇಡ, ಹಗಲು ಮಡಚಿಡಬೇಕು, ರಾತ್ರಿ ಎದ್ದು ಕೂರೋಕೆ ಆಗಲ್ಲ. ಸೈಡ್ ಅಪ್ಪರ್ ಉದ್ದ ಕಡಿಮೆ, ಎತ್ತರದ ಆಳಿಗೆ ಎರಡು ರಾತ್ರಿ ಕಾಲು ಮಡಚ್ಕೊಂಡೇ ಕಳೀಬೇಕಾಗತ್ತೆ. ನನ್ನ ಮನಸ್ಸಿಗೆ ಹಿಡಿಸೋದು ಸೈಡ್ ಲೋವರ್, ಹಗಲು ಎರಡು ಸೀಟಾಗತ್ತೆ, ಎದುರಿಗೆ ಸೈಡ್ ಅಪ್ಪರಿನವರು ಒಬ್ಬರೇ, ಕಿಟಕಿಗೆ ಒರಗಿ ಪೂರ್ತಿ ಮಹಾರಾಷ್ಟ್ರ ನೋಡಬಹುದು. ನಂಬರ್ ಆರಿಸೋ ಅವಕಾಶ ನಮಗೆ ಇಲ್ಲ, ಬರ್ತಿನ ಬಗೆ ಮಾತ್ರ ಕೇಳಬಹುದು, ಆದ್ರೂ ಬೋಗಿಯ ಎರಡು ತುದಿಯಲ್ಲಿ ಬಂದ್ರೆ ರಾತ್ರಿಯೆಲ್ಲ ಬಾಗಿಲ ಸದ್ದು, ಟಾಯ್ಲೆಟ್ ವಾಸನೆ ಇರತ್ತೆ ಅಂತ ಗೊತ್ತಿರಲಿ, ಕಿವಿಗೆ ಹತ್ತಿ ಇಟ್ಕೊಂಡು ಹೋಗಿ.

ಚೀಲದಲ್ಲಿ ಏನಿರಬೇಕು

ಸ್ಲೀಪರ್, 3ಎಸಿ ಎರಡಕ್ಕೂ ಒಬ್ಬರಿಗೆ 40 ಕೆಜಿ, 2ಎಸಿಗೆ 50 ಕೆಜಿ ಉಚಿತ. ತೂಕಕ್ಕಿಂತ ಗಾತ್ರ ಮುಖ್ಯ, ಲೋವರ್ ಬರ್ತ್ ಕೆಳಗೆ ಹೋಗದ ದೊಡ್ಡ ಟ್ರಾಲಿ ತಂದ್ರೆ ಎರಡು ದಿನ ದಾರಿಯಲ್ಲಿ ಅಡ್ಡ ನಿಂತಿರತ್ತೆ. ಒಂದು ಚೈನು ಬೀಗ ತಗೊಳ್ಳಿ, ಸೀಟಿನ ಕೆಳಗೆ ಅದನ್ನ ಹಾಕೋಕೆ ಅಂತಲೇ ಕೊಕ್ಕೆ ಇರತ್ತೆ. ದುಡ್ಡು, ಮೊಬೈಲು, ಐಡಿ, ಔಷಧಿ ಇರೋ ಸಣ್ಣ ಚೀಲ ತಲೆ ಕೆಳಗೆ. ಐಡಿ ಕಾರ್ಡ್ ಒರಿಜಿನಲ್ ಇರಲಿ. ಎಸಿಯಲ್ಲಿ ಬೆಡ್‌ಶೀಟು, ದಿಂಬು, ಕಂಬಳಿ ಅವರೇ ಕೊಡ್ತಾರೆ, ಸ್ಲೀಪರಲ್ಲಿ ಏನೂ ಇಲ್ಲ, ಒಂದು ಬೆಡ್‌ಶೀಟು ಒಂದು ಹೊದಿಕೆ ಗಾಳಿ ದಿಂಬು ನೀವೇ ಒಯ್ಯಬೇಕು. ಹವಾಯಿ ಚಪ್ಪಲಿ ಮರೀಬೇಡಿ, ಪ್ರತಿ ಸಲ ಶೂ ಹಾಕಿ ಬಿಚ್ಚಿ ಮಾಡೋದು ದೊಡ್ಡ ಹಿಂಸೆ. ಪೇಪರ್ ಸೋಪು, ಒಂದು ಹಳೇ ಟವೆಲು, ಕಸಕ್ಕೆ ಎರಡು ಕವರು. ಪವರ್ ಬ್ಯಾಂಕ್ ಬೇಕೇ ಬೇಕು, ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಆಫ್ ಮಾಡೋ ನಿಯಮ ಇದೆ. ಎಲೆಕ್ಟ್ರಿಕ್ ಕೆಟಲ್ ತರಬೇಡಿ, ರೈಲಲ್ಲಿ ಅದಕ್ಕೆ ನಿಷೇಧ, ಬೆಂಕಿ ಹತ್ತಿದ್ರೆ ಬೋಗಿಗೆ ಬೋಗಿಯೇ ಅಪಾಯ. ಬಿಪಿ, ಶುಗರ್ ಮಾತ್ರೆ ನಾಲ್ಕು ದಿನದ್ದು ಇಟ್ಕೊಳ್ಳಿ, ಎರಡು ದಿನದ್ದಲ್ಲ.

ಊಟ

ಇಲ್ಲಿ ನಮ್ಮಮ್ಮನ ಲೆಕ್ಕಾಚಾರ ಹಾಗೇ ಹೇಳ್ತೀನಿ, ಇಷ್ಟು ವರ್ಷದಲ್ಲಿ ಯಾರ ಹೊಟ್ಟೆಯೂ ಕೆಟ್ಟಿಲ್ಲ. ಮೊದಲ ರಾತ್ರಿಗೆ ಮೊಸರನ್ನ, ಅನ್ನ ಬಿಸಿ ಇರುವಾಗ್ಲೇ ಹಾಲು ಜಾಸ್ತಿ ಹಾಕಿ, ಆರಿದ ಮೇಲೆ ಒಂದೇ ಚಮಚ ಮೊಸರು ಕಲಸಿಟ್ರೆ ರಾತ್ರಿ ಒಂಬತ್ತಕ್ಕೆ ಹದವಾಗಿರತ್ತೆ, ಹುಳಿ ಬಂದಿರಲ್ಲ. ಮಾರನೇ ಬೆಳಗ್ಗೆ, ಮಧ್ಯಾಹ್ನಕ್ಕೆ ಪುಳಿಯೋಗರೆ, ಕಾಯಿ ಹಾಕ್ಬೇಡಿ, ಎಣ್ಣೆ ಸ್ವಲ್ಪ ಮುಂದಿರಲಿ, ಅನ್ನ ಪೂರ್ತಿ ಆರಿಸಿ ಕಲಸಿ. ಚಪಾತಿ ಹಿಟ್ಟಿಗೆ ನೀರಿನ ಬದಲು ಹಾಲು ಹಾಕಿ ಕಲಸಿದ್ರೆ ಮಾರನೇ ದಿನವೂ ಮೆತ್ತಗಿರತ್ತೆ, ಜೊತೆಗೆ ಶೇಂಗಾ ಚಟ್ನಿಪುಡಿ. ಎರಡನೇ ರಾತ್ರಿಗೆ ಕಟಕ್ ರೊಟ್ಟಿ, ಉತ್ತರ ಕರ್ನಾಟಕದ ಈ ಜೋಳದ ರೊಟ್ಟಿ ವಾರಗಟ್ಲೆ ಕೆಡಲ್ಲ, ದೂರದ ರೈಲಿಗೆ ಇದಕ್ಕಿಂತ ಒಳ್ಳೇ ಊಟ ಇಲ್ಲ ಅಂತ ನಾನು ಎಲ್ಲರ ಹತ್ರ ವಾದ ಮಾಡ್ತೀನಿ. ಕೋಡುಬಳೆ, ನಿಪ್ಪಟ್ಟು ಒಂದು ಡಬ್ಬ ಜಾಸ್ತಿನೇ ಇರಲಿ, ಎದುರಿಗೆ ಮಗು ಕೂತಿದ್ರೆ ಬಿಟ್ಟು ತಿನ್ನೋಕಾಗತ್ತಾ.

ಕರ್ನಾಟಕ ಎಕ್ಸ್‌ಪ್ರೆಸ್ಸಲ್ಲಿ ಪ್ಯಾಂಟ್ರಿ ಇದೆ, ಚಹಾ ಕಾಫಿ ಊಟ ಸೀಟಿಗೇ ಬರತ್ತೆ. ರೇಟು ಜಾಸ್ತಿ ಅನ್ಸಿದ್ರೆ ಬಿಲ್ ಕೇಳಿ, ಬಿಲ್ ಕೊಡದಿದ್ರೆ ದುಡ್ಡು ಕೊಡಬೇಕಾಗಿಲ್ಲ ಅನ್ನೋದು ರೈಲ್ವೆಯದೇ ನಿಯಮ. ರೈಲ್ ನೀರ್ ಒಂದು ಲೀಟರ್ ಬಾಟಲಿ 2025ರ ಸೆಪ್ಟೆಂಬರಿಂದ 14 ರೂಪಾಯಿ, ಇಪ್ಪತ್ತು ಕೇಳಿದ್ರೆ ಬಾಟಲಿ ಮೇಲಿನ ರೇಟು ತೋರಿಸಿ. ಬೇಕಂದ್ರೆ ಐಆರ್‌ಸಿಟಿಸಿಯ ಇ-ಕೇಟರಿಂಗಲ್ಲಿ ಪಿಎನ್‌ಆರ್ (ಟಿಕೆಟ್ಟಿನ ಮೇಲಿರೋ ನಂಬರು) ಹಾಕಿ ದೊಡ್ಡ ಸ್ಟೇಷನ್ನಿಗೆ ಹೋಟೆಲ್ ಊಟ ತರಿಸ್ಕೊಬಹುದು. ಅಪರಿಚಿತರು ಎಷ್ಟೇ ಪ್ರೀತಿಯಿಂದ ಕೊಟ್ರೂ ತೆರೆದಿಟ್ಟ ಬಿಸ್ಕೆಟ್, ಚಹಾ, ಜ್ಯೂಸ್ ತಗೊಬೇಡಿ, ಪ್ರಜ್ಞೆ ತಪ್ಪಿಸೋ ಮದ್ದು ಹಾಕಿ ಸಾಮಾನು ಹೊತ್ಕೊಂಡು ಹೋಗೋ ಕಳ್ಳರು ನಿಜಕ್ಕೂ ಇದಾರೆ.

ಹೊರಡೋ ದಿನ

ಚಾರ್ಟು ಈಗ ಮೊದಲಿನ ಹಾಗೆ ನಾಲ್ಕು ಗಂಟೆ ಮುಂಚೆ ಅಲ್ಲ, ಇನ್ನೂ ತುಂಬಾ ಬೇಗ ಆಗತ್ತೆ, ಹಾಗಾಗಿ ಬೆಳಗ್ಗೆ ಎದ್ದ ಮೇಲಿಂದಲೇ ಪಿಎನ್‌ಆರ್ ನೋಡ್ತಿರಿ. ಎನ್‌ಟಿಇಎಸ್‌ನಲ್ಲಿ ಅಂದ್ರೆ ರೈಲ್ವೆಯದೇ ಆಪಲ್ಲಿ ರೈಲಿನ ಸಮಯ, ಪ್ಲಾಟ್‌ಫಾರ್ಮ್ ಖಾತ್ರಿ ಮಾಡ್ಕೊಳ್ಳಿ. ಸಂಜೆ ಏಳು ಅಂದ್ರೆ ಬೆಂಗಳೂರಲ್ಲಿ ಆಫೀಸು ಬಿಡೋ ಹೊತ್ತು, ಕಾರು ಆಟೋ ನೆಚ್ಚಿಕೊಂಡವರು ರೈಲು ತಪ್ಪಿಸ್ಕೊಂಡಿರೋ ಉದಾಹರಣೆ ನಮ್ಮ ನೆಂಟರಲ್ಲೇ ಇದೆ, ಸಾಮಾನು ಕಡಿಮೆ ಇದ್ರೆ ಮೆಟ್ರೋ ಹಿಡಿದು ಮೆಜೆಸ್ಟಿಕ್‌ಗೆ ಬನ್ನಿ. ಒಂದು ಗಂಟೆ ಮುಂಚೆ ಪ್ಲಾಟ್‌ಫಾರ್ಮಲ್ಲಿದ್ರೆ ಬೋಗಿ ನಿಲ್ಲೋ ಜಾಗ ಬೋರ್ಡಲ್ಲಿ ನೋಡ್ಕೊಂಡು ಅಲ್ಲೇ ನಿಲ್ಲಬಹುದು, ಕೊನೆ ಗಳಿಗೆಯಲ್ಲಿ ಇಪ್ಪತ್ತು ಬೋಗಿ ಉದ್ದ ಓಡೋದು ತಪ್ಪತ್ತೆ. ದಂಡು ಸ್ಟೇಷನ್ ಹತ್ತಿರ ಇರೋರು ಟಿಕೆಟ್ ಮಾಡುವಾಗ್ಲೇ ಬೋರ್ಡಿಂಗ್ ಬೆಂಗಳೂರು ಕಂಟೋನ್ಮೆಂಟ್ ಅಂತ ಹಾಕ್ಕೊಳ್ಳಿ.

ಮೊದಲ ರಾತ್ರಿ

ರೈಲು ಯಲಹಂಕ ದಾಟೋದ್ರೊಳಗೆ ಸಾಮಾನಿಗೆ ಬೀಗ ಹಾಕಿ ಊಟ ಮುಗಿಸಿ. ಹಿಂದೂಪುರ, ಧರ್ಮಾವರಂ, ಅನಂತಪುರ, ಗುಂತಕಲ್ ಅಂತ ಆಂಧ್ರದೊಳಗೆ ಹೋಗಿ, ಮಂತ್ರಾಲಯಂ ರೋಡ್ ಆಗಿ ಮತ್ತೆ ರಾಯಚೂರಲ್ಲಿ ಕರ್ನಾಟಕಕ್ಕೆ ಬರತ್ತೆ. ರಾಯರ ದರ್ಶನಕ್ಕೆ ಹೋಗೋರು ಮಂತ್ರಾಲಯಂ ರೋಡಲ್ಲಿ ಗುಂಪಾಗಿ ಇಳೀತಾರೆ, ಆ ಗಲಾಟೆಯಲ್ಲಿ ನಿಮ್ಮ ಚೀಲ ಅವರ ಚೀಲದ ಜೊತೆ ಹೋಗದ ಹಾಗೆ ನೋಡ್ಕೊಳ್ಳಿ. ರಾಯಚೂರು ಬಿಟ್ಟ ಸ್ವಲ್ಪ ಹೊತ್ತಿಗೆ ಕೃಷ್ಣಾ ನದಿಯ ಸೇತುವೆ, ಕಬ್ಬಿಣದ ಸದ್ದು ಬದಲಾಗೋದ್ರಿಂದಲೇ ನಿದ್ದೆಗಣ್ಣಲ್ಲೂ ಗೊತ್ತಾಗತ್ತೆ, ಅಮ್ಮ ಯಾವಾಗ್ಲೂ ಎದ್ದು ಕೂತು ಕತ್ತಲಲ್ಲೇ ಕೈಮುಗೀತಾಳೆ. ದಾಟಿದ ತಕ್ಷಣ ಸಿಗೋ ಕೃಷ್ಣಾ ಅನ್ನೋ ಸಣ್ಣ ಸ್ಟೇಷನ್ ತೆಲಂಗಾಣದ್ದು, ಆಮೇಲೆ ಮತ್ತೆ ನಮ್ಮ ಯಾದಗಿರಿ, ವಾಡಿ, ಕಲಬುರಗಿ.

ಮೊಬೈಲ್ ಹಿಡ್ಕೊಂಡು ಕಿಟಕಿ ಪಕ್ಕ ಕೂತಿದ್ರೆ ರೈಲು ಸ್ಟೇಷನ್ನಿಂದ ಹೊರಡೋ ಗಳಿಗೆಯಲ್ಲಿ ಒಳಗೆ ತಗೊಳ್ಳಿ, ಹೊರಗಿಂದ ಕಿತ್ಕೊಂಡು ಓಡೋದು ಆಗಲೇ. ಬಾಗಿಲಲ್ಲಿ ಕೂರೋದು ಬೇಡ, ಎಷ್ಟೇ ಚೆನ್ನಾಗಿ ಕಂಡ್ರೂ ಬೇಡ.

ಹಗಲು

ಟಾಯ್ಲೆಟ್ಟಿಗೆ ಐದು ಗಂಟೆಗೇ ಎದ್ದು ಹೋಗಿ ಬನ್ನಿ, ಆರೂವರೆ ಆದ್ಮೇಲೆ ಸಾಲು, ನೀರೂ ಕಡಿಮೆ ಆಗಿರತ್ತೆ. ಈಗೆಲ್ಲ ಬಯೋ ಟಾಯ್ಲೆಟ್, ಒಳಗೆ ಬಾಟಲಿ, ಪ್ಯಾಡು, ಡೈಪರ್ ಹಾಕಿದ್ರೆ ಕಟ್ಟಿಕೊಂಡು ಇಡೀ ಬೋಗಿಗೆ ಕಷ್ಟ. ಗಲೀಜಿದ್ರೆ, ನೀರಿಲ್ಲದಿದ್ರೆ, ಯಾರಾದ್ರೂ ಬರ್ತಲ್ಲಿ ಬಂದು ಕೂತು ಏಳದಿದ್ರೆ 139ಕ್ಕೆ ಫೋನ್ ಮಾಡಿ ಅಥವಾ ರೈಲ್ ಮದದ್ ಆಪಲ್ಲಿ ಪಿಎನ್‌ಆರ್ ಹಾಕಿ ದೂರು ಕೊಡಿ. ಅಪ್ಪನಿಗೆ ಒಂದ್ಸಲ ಹಗಲಲ್ಲಿ ವಿಪರೀತ ಎದೆಯುರಿ ಬಂದಾಗ ಇದೇ ನಂಬರಿಗೆ ಹೇಳಿದ್ವಿ, ಮುಂದಿನ ದೊಡ್ಡ ಸ್ಟೇಷನ್ನಲ್ಲಿ ಡಾಕ್ಟರ್ ಬೋಗಿ ಹತ್ರಾನೇ ಬಂದು ನೋಡಿ ಮಾತ್ರೆ ಕೊಟ್ರು, ಅದಕ್ಕೆ ಸಣ್ಣ ಫೀಸು ಇರತ್ತೆ ಅಷ್ಟೇ.

ಬೆಳಗ್ಗೆ ಸೊಲ್ಲಾಪುರ, ಅಲ್ಲಿಂದ ಭಾಷೆ ಮರಾಠಿ. ದೌಂಡ್ ಹತ್ರ ಭೀಮಾ ನದಿ, ನಮ್ಮ ಯಾದಗಿರಿ ಪಕ್ಕದಲ್ಲಿ ಹರಿಯೋ ಅದೇ ಭೀಮೆ ಇಲ್ಲಿ ಹಗಲಲ್ಲಿ ಸಿಗತ್ತೆ. ಅಹಮದ್‌ನಗರ, ಈಗಿನ ಹೆಸರು ಅಹಿಲ್ಯಾನಗರ, ಅದು ಆದ್ಮೇಲೆ ಕೋಪರಗಾಂವ್ ಬರೋಕೆ ಮುಂಚೆ ಗೋದಾವರಿ, ಶಿರಡಿಗೆ ಹೋಗೋರು ಇಳಿಯೋದು ಈ ಕೋಪರಗಾಂವಲ್ಲೇ. ಮಧ್ಯಾಹ್ನ ಮನಮಾಡ್, ಸಂಜೆ ಹೊತ್ತಿಗೆ ಜಳಗಾಂವ್, ಭುಸಾವಳ, ಎರಡೂ ಕಡೆ ಬಾಳೆತೋಟ, ಪ್ಲಾಟ್‌ಫಾರ್ಮಲ್ಲಿ ಬಾಳೆಹಣ್ಣು ಕೊಳ್ಳಿ, ರಾತ್ರಿ ಊಟಕ್ಕೆ ಆಗತ್ತೆ. ಭುಸಾವಳ ಬಿಟ್ಟ ಕೂಡ್ಲೇ ತಪತಿ ನದಿ, ಆಮೇಲೆ ಬುರ್ಹಾನ್‌ಪುರ ಬಂತು ಅಂದ್ರೆ ಮಧ್ಯಪ್ರದೇಶ. ಸೂರ್ಯ ಮುಳುಗೋ ಹೊತ್ತಿಗೆ ಈ ಭಾಗದಲ್ಲಿದ್ರೆ ಫೋನ್ ಪಕ್ಕಕ್ಕಿಟ್ಟು ಸುಮ್ನೆ ಹೊರಗೆ ನೋಡಿ.

ಕೆಳಗೆ ಇಳಿಯೋದು ಆಪಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲತ್ತೆ ಅಂತ ಇದ್ರೆ ಮಾತ್ರ. ವೇರ್ ಈಸ್ ಮೈ ಟ್ರೇನ್ ಆಪ್ ಇಂಟರ್ನೆಟ್ ಇಲ್ಲದಿದ್ರೂ ಮೊಬೈಲ್ ಟವರ್ ಹಿಡಿದು ಎಲ್ಲಿದೀವಿ ಅಂತ ತೋರಿಸತ್ತೆ. ರೈಲು ತಡ ಆಗಿದ್ರೆ ನಿಲ್ಲೋ ಸಮಯ ಕಡಿಮೆ ಮಾಡಿ ಹೊರಟುಬಿಡ್ತಾರೆ, ವಡಾಪಾವ್ ಆಸೆಗೆ ದೂರದ ಅಂಗಡಿಗೆ ಹೋಗ್ಬೇಡಿ, ಬಾಗಿಲು ಕಾಣೋ ಅಷ್ಟರಲ್ಲೇ ಇರಿ. ರೈಲು ಅಲುಗಾಡಿದ್ರೆ ನಿಮ್ಮ ಬೋಗಿ ಹುಡುಕಬೇಡಿ, ಹತ್ತಿರ ಇರೋದಕ್ಕೆ ಹತ್ತಿ ಒಳಗಿಂದ ನಡ್ಕೊಂಡು ಬನ್ನಿ.

ಎರಡನೇ ರಾತ್ರಿ

ರಾತ್ರಿ ಇಟಾರ್ಸಿ, ಅದಾದ್ಮೇಲೆ ನರ್ಮದಾಪುರಂ ಹತ್ರ ನರ್ಮದೆ ದಾಟಿ ಭೋಪಾಲ್. ಇಷ್ಟೊತ್ತಿಗೆ ಹೊಸ ಜನ ಹತ್ತಿರ್ತಾರೆ, ಹಿಂದಿನ ರಾತ್ರಿ ಪರಿಚಯ ಆದವರು ಇಳಿದು ಹೋಗಿರ್ತಾರೆ, ಹಾಗಾಗಿ ಬೀಗ ಮತ್ತೊಮ್ಮೆ ಎಳೆದು ನೋಡಿ. ಸ್ವೆಟರ್, ಮಫ್ಲರ್, ಕಾಲುಚೀಲ ದೊಡ್ಡ ಚೀಲದ ತಳದಲ್ಲಿದ್ರೆ ಭೋಪಾಲ್ ಬರೋಕೆ ಮುಂಚೆನೇ ಮೇಲೆ ತೆಗೆದಿಡಿ, ನಡುರಾತ್ರಿ ಎಲ್ಲರ ನಿದ್ದೆ ಕೆಡಿಸಿ ಹುಡುಕೋದು ಬೇಡ. ಝಾನ್ಸಿ ಉತ್ತರ ಪ್ರದೇಶ, ಗ್ವಾಲಿಯರ್ ಮತ್ತೆ ಮಧ್ಯಪ್ರದೇಶ, ಧೋಲ್‌ಪುರ ರಾಜಸ್ಥಾನ, ಆಗ್ರಾ ಪುನಃ ಉತ್ತರ ಪ್ರದೇಶ, ಕೆಲವೇ ಗಂಟೆಯಲ್ಲಿ ಇಷ್ಟು ಗಡಿ ದಾಟಿರ್ತೀವಿ. ಮೊರೇನಾ ಧೋಲ್‌ಪುರ ನಡುವೆ ಚಂಬಲ್ ನದಿ, ಬೆಳಕು ಹರಿದಿದ್ರೆ ಮಳೆನೀರು ಕೊರೆದ ಮಣ್ಣಿನ ಕಂದಕಗಳು ಕಣ್ಣು ಹಾಯೋವರೆಗೆ ಕಾಣತ್ತೆ, ಅದಕ್ಕೋಸ್ಕರ ಅಲಾರಂ ಇಟ್ಕೊಂಡು ಏಳಬಹುದು.

ಆಗ್ರಾದಲ್ಲಿ ಪೇಠಾ, ಮಥುರಾದಲ್ಲಿ ಪೇಡಾ ಮಾರೋರು ಬರ್ತಾರೆ. ಕಿಟಕಿಯಲ್ಲಿ ಕೊಳ್ಳೋ ಡಬ್ಬದ ರುಚಿ ಒಂದೊಂದ್ಸಲ ಒಂದೊಂದು ಥರ, ನೆಂಟರಿಗೆ ಕೊಡೋಕಾದ್ರೆ ಊರೊಳಗಿನ ಅಂಗಡಿಯಿಂದಲೇ ತರೋದು ಒಳ್ಳೇದು.

ದಿಲ್ಲಿಯಲ್ಲಿ ಇಳಿದ್ಮೇಲೆ

ಫರೀದಾಬಾದ್ ದಾಟಿದ್ಮೇಲೆ ಬೀಗ ಬಿಚ್ಚಿ ಸಾಮಾನು ಎಣಿಸಿ. ನ್ಯೂ ಡೆಲ್ಲಿ ಸ್ಟೇಷನ್ನಿಗೆ ಎರಡು ಮಗ್ಗಲು, ಒಂದನೇ ಪ್ಲಾಟ್‌ಫಾರ್ಮ್ ಕಡೆ ಪಹಾಡ್‌ಗಂಜ್, 16ನೇ ಪ್ಲಾಟ್‌ಫಾರ್ಮ್ ಕಡೆ ಅಜ್ಮೇರಿ ಗೇಟ್. ಮೆಟ್ರೋದ ಹಳದಿ ಲೈನು, ಏರ್‌ಪೋರ್ಟ್ ಲೈನು ಎರಡೂ ಅಜ್ಮೇರಿ ಗೇಟ್ ಕಡೆ ಇರೋದು, ಕೋಚಿಂಗಿಗೆ ಕರೋಲ್‌ಬಾಗ್, ರಾಜೇಂದರ್ ನಗರಕ್ಕೆ ಹೋಗೋರು ರಾಜೀವ್ ಚೌಕಲ್ಲಿ ನೀಲಿ ಲೈನಿಗೆ ಬದಲಾಯಿಸ್ಕೊಳ್ಳಿ. ನಿಜಾಮುದ್ದೀನಲ್ಲಿ ಇಳಿದವರಿಗೆ ಸರಾಯ್ ಕಾಲೇ ಖಾನ್ ಮೆಟ್ರೋ, ಗುಲಾಬಿ ಲೈನು. ಹೊರಗೆ ಬರ್ತಿದ್ದ ಹಾಗೆ ಮೈಮೇಲೆ ಬೀಳೋ ಆಟೋದವರು, ನಿಮ್ಮ ಹೋಟೆಲ್ ಬಂದ್ ಆಗಿದೆ, ಬುಕಿಂಗ್ ಆಫೀಸು ಬೇರೆ ಕಡೆ ಹೋಗಿದೆ ಅನ್ನೋರು, ಯಾರ ಮಾತೂ ಕೇಳ್ದೆ ನೇರ ನಡೀರಿ, ಅದು ಮೋಸ. ಸಾಮಾನು ಜಾಸ್ತಿ ಇದ್ರೆ ಪ್ರಿಪೇಯ್ಡ್ ಕೌಂಟರಿಂದ ಆಟೋ ತಗೊಳ್ಳಿ. ಕೂಲಿಯವರ ಹತ್ರ ರೇಟು ಮೊದಲೇ ಮಾತಾಡಿ, ಎರಡು ಓವರ್‌ಬ್ರಿಡ್ಜ್ ಹತ್ತಿ ಇಳಿಯೋ ಸ್ಟೇಷನ್ನಲ್ಲಿ ಅಪ್ಪ ಅಮ್ಮನ ಕೈಲಿ ಟ್ರಾಲಿ ಹೊರಿಸಬೇಡಿ. ದಿಲ್ಲಿಯಲ್ಲಿ ನಮ್ಮವರ ಸಂಪರ್ಕ ಬೇಕು ಅಂದ್ರೆ ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘ ಇದೆ, ಕನ್ನಡದಲ್ಲಿ ನಾಲ್ಕು ಮಾತಾಡಬಹುದು.

ವಾಪಸ್ ಟಿಕೆಟ್ಟಿನ 60 ದಿನದ ಲೆಕ್ಕವನ್ನ, ಹೋಗೋ ಟಿಕೆಟ್ ಮಾಡಿದ ವಾರದಲ್ಲೇ ಹಾಕಿ ಕ್ಯಾಲೆಂಡರಲ್ಲಿ ಬರೆದಿಡಿ, ಆಮೇಲೆ ನೋಡೋಣ ಅಂದ್ರೆ ಅಲ್ಲಿ ಸಿಕ್ಕಿಹಾಕ್ಕೊಳ್ತೀರ. ಮಂಜಿನ ಕಾಲದಲ್ಲಿ ಅಲ್ಲಿಂದ ಹೊರಡೋ ರೈಲು ಮೂರು ಗಂಟೆಗಿಂತ ಹೆಚ್ಚು ತಡ ಆಗಿ ನೀವು ಹೋಗೋದೇ ಬೇಡ ಅಂತ ತೀರ್ಮಾನಿಸಿದ್ರೆ, ರೈಲು ನಿಜವಾಗಿ ಹೊರಡೋದ್ರೊಳಗೆ ಟಿಡಿಆರ್ ಅಂದ್ರೆ ದುಡ್ಡು ವಾಪಸ್ ಕೇಳೋ ಅರ್ಜಿ ಹಾಕಿ, ಪೂರ್ತಿ ದುಡ್ಡು ವಾಪಸ್ ಬರತ್ತೆ. ಹೋಗೋದಾದ್ರೆ ಅಕ್ಕನ ಮನೆಯಿಂದ ಮೇಥಿ ಪರಾಠ, ನಿಂಬೆ ಉಪ್ಪಿನಕಾಯಿ ಕಟ್ಟಿಸ್ಕೊಂಡು, ಸ್ವೆಟರ್ ಮೇಲೆ ಇಟ್ಕೊಂಡು ಹತ್ತಿ, ಈ ಸಲ ಚಳಿ ಮೊದಲ ರಾತ್ರಿಗೆ.